ಮುರುಗಲು: ಸಿಪ್ಪೆ, ರಸ, ಬೀಜದ ತುಪ್ಪ ಮೂರನ್ನೂ ಉಳಿಸಿಕೊಳ್ಳುವ ಬಗೆ

ಮುರುಗಲು, ಅಂದರೆ ಕೋಕಂ, ಹಣ್ಣಾಗುವುದು ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗೆ. ಮಳೆ ನಕ್ಷತ್ರದ ಲೆಕ್ಕದಲ್ಲಿ ಅಶ್ವಿನಿ, ಭರಣಿ, ಕೃತ್ತಿಕೆ. ರೋಹಿಣಿ ಹುಟ್ಟುವುದರೊಳಗೆ ಹೆಚ್ಚಿನ ಕೆಲಸ ಮುಗಿದಿರಬೇಕು. ಜೂನ್ ಮೊದಲ ವಾರ ದಾಟಿ ಮೃಗಶಿರಾ ಹಿಡಿಯಿತೆಂದರೆ ಅಂಗಳದಲ್ಲಿ ಏನೂ ಒಣಗುವುದಿಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಬೇಸಾಯದವರು ಖುಷಿಪಡುತ್ತಾರೆ. ಅದೇ ಮಳೆ ಬಂದ ದಿನ ಮುರುಗಲು ಸಿಪ್ಪೆ ಹರವಿದ ಮನೆಯವರೆಲ್ಲ ಚಾಪೆ ಎಳೆದುಕೊಂಡು ಒಳಗೆ ಓಡುತ್ತಾರೆ. ಈ ಹಣ್ಣಿನ ಕೆಲಸದಲ್ಲಿ ಕೆಡುವುದೆಲ್ಲ ಹೆಚ್ಚಾಗಿ ಇಲ್ಲಿಯೇ ಕೆಡುತ್ತದೆ: ಹಣ್ಣು ತಂದವರು ಒಂದು ದಿನ ತಡಮಾಡುತ್ತಾರೆ, ಮೋಡ ಕವಿಯುತ್ತದೆ, ಸಿಪ್ಪೆಗೆ ಬೂಷ್ಟು ಬರುತ್ತದೆ, ಬೀಜವನ್ನು ಗೊಬ್ಬರದ ಗುಂಡಿಗೆ ಎಸೆಯುತ್ತಾರೆ. ಹಣ್ಣು ಒಡೆದ ದಿನವೇ ಸಿಪ್ಪೆ, ರಸ, ಬೀಜ ಮೂರಕ್ಕೂ ದಾರಿ ಮಾಡಿದರೆ ಒಂದು ಬುಟ್ಟಿ ಹಣ್ಣಿನಿಂದ ವರ್ಷದ ಹುಳಿ, ಬೇಸಿಗೆಯ ಪಾನಕ, ದೋಸೆಕಲ್ಲಿಗೆ ತುಪ್ಪ ಎಲ್ಲವೂ ಸಿಗುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇದು ಮುರುಗಲು. ಕಾರವಾರ, ಅಂಕೋಲೆಯ ಕೊಂಕಣಿ ಮನೆಗಳಲ್ಲಿ ಬಿರಿಂಡ, ಒಣಗಿದ ಸಿಪ್ಪೆಗೆ ಸೋಲ. ಮಂಗಳೂರಿನ ಕಡೆ ಪುನರ್ಪುಳಿ, ಅಂಗಡಿಯ ಪೊಟ್ಟಣದ ಮೇಲೆ ಕೋಕಂ. ಕರಾವಳಿಯ ಈ ಹುಳಿ ಹೊರಗಿನವರ ಕಣ್ಣಿಗೆ ಬಿದ್ದು ಬಹಳ ಕಾಲವಾಯಿತು. ಗೋವೆಯಲ್ಲಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ. ಹಣ್ಣಿನ ಒಳಗೆ ರಕ್ತದ ಬಣ್ಣ, ಬಲು ಹುಳಿ, ಬಣ್ಣ ಹಾಕುವವರಿಗೆ ಬೇಕಾದದ್ದು, ಸಿಪ್ಪೆಯನ್ನು ಒಣಗಿಸಿ ವಿನೆಗರ್ ಮಾಡಲು ಹಡಗಿನಲ್ಲಿ ಒಯ್ಯುತ್ತಾರೆ ಎಂಬ ವಿವರಗಳು ಅದರಲ್ಲಿವೆ. ಸಸ್ಯಶಾಸ್ತ್ರದಲ್ಲಿ ಈ ಮರದ ಹೆಸರು ಗಾರ್ಸಿನಿಯಾ ಇಂಡಿಕಾ. ಅದು ಈ ಓರ್ತಾನ ನೆನಪಿಗೆ ಇಟ್ಟದ್ದೆಂದು ಹಲವರು ತಿಳಿದಿದ್ದಾರೆ. ಆದರೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಗಾರ್ಸಿನಿಯಾ ಎಂದು ಈ ಕುಲಕ್ಕೆ ಹೆಸರಿಟ್ಟದ್ದು ಲೋರಾಂ ಗಾರ್ಸಿನ್ ಎಂಬ ಬೇರೊಬ್ಬ ನಿಸರ್ಗ ತಜ್ಞನ ಗೌರವಕ್ಕೆ.

ಮರ, ಹಣ್ಣು, ಕೊಯ್ಲು

ಮರ ಗೋಪುರದ ಆಕಾರಕ್ಕೆ ಬೆಳೆಯುತ್ತದೆ, ಕೊಂಬೆಗಳು ಕೆಳಗೆ ಬಾಗಿರುತ್ತವೆ, ಚಿಗುರು ಕೆಂಪು. ಎಲೆ ಅಗಿದರೂ ಹುಳಿ. ಹಣ್ಣು ದುಂಡಗೆ, ಸಣ್ಣ ನಿಂಬೆಹಣ್ಣಿನ ಗಾತ್ರ, ನಯವಾದ ಮೈ. ಕಾಯಿ ಹಸಿರು, ದೋರೆಗಾಯಿ ಕೆಂಪು, ಪೂರ್ತಿ ಹಣ್ಣಾದಾಗ ಕಪ್ಪಿಗೆ ತಿರುಗಿದ ನೇರಳೆ. ಒಳಗೆ ಬಿಳಿ ಲೋಳೆ ಹೊದ್ದ 5ರಿಂದ 8 ಬೀಜ. ಹಳದಿ ಸಿಪ್ಪೆಯ ಬಿಳಿ ಮುರುಗಲು ಎಂಬ ಅಪರೂಪದ ಬಗೆಯೂ ಇದೆ. ಪಿತ್ತಕ್ಕೆ ಅದೇ ಮೇಲು ಎಂದು ಹಳಬರು ಎತ್ತಿಡುತ್ತಾರೆ. ಅದು ಸಿಕ್ಕರೆ ಬೇರೆಯಾಗಿಯೇ ಒಣಗಿಸಿ. ಪಾನಕಕ್ಕೆ ಹಾಕಿದರೆ ಬಣ್ಣ ಬರುವುದಿಲ್ಲ.

ಉಪ್ಪಾಗೆಯನ್ನು ಇದರೊಂದಿಗೆ ಬೆರೆಸಬೇಡಿ. ಅದೂ ಇದೇ ಕುಲದ್ದು, ಆದರೆ ಹಣ್ಣು ಹಳದಿ, ಮೈಮೇಲೆ ಕುಂಬಳಕಾಯಿಯಂತೆ ಉದ್ದುದ್ದ ಗೆರೆ. ಅದು ಹಣ್ಣಾಗುವುದು ಜಡಿಮಳೆಯಲ್ಲಿ, ಆದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆಯೇ ಒಣಗಿಸಬೇಕು. ಅದಕ್ಕೆ ಹಿಡಿಯುವ ಸೌದೆಯ ಲೆಕ್ಕ ದೊಡ್ಡದು. ಬೊಜ್ಜು ಇಳಿಸುವ ಮಾತ್ರೆಗಳಿಗಾಗಿ 1990ರ ದಶಕದಲ್ಲಿ ಅದರ ಬೇಡಿಕೆ ಏರಿದಾಗ ಮಲೆನಾಡಿನಲ್ಲಿ ಬಲಿಯದ ಕಾಯಿಯನ್ನೂ ಕೊಯ್ದರು, ಕೊಂಬೆಯನ್ನೂ ಕಡಿದರು. ಮುರುಗಲಿಗೆ ಆ ಗತಿ ಬರಬಾರದು ಎಂದಾದರೆ ಕೊಯ್ಲಿನಲ್ಲಿಯೇ ಎಚ್ಚರ ಬೇಕು.

ಹಣ್ಣಾದದ್ದನ್ನು ಮಾತ್ರ ತೆಗೆಯಿರಿ. ಕೆಂಪು ದೋರೆಗಾಯಿಯ ಸಿಪ್ಪೆಯಲ್ಲಿ ಹುಳಿ ಇರುತ್ತದೆ, ಬಣ್ಣ ಇರುವುದಿಲ್ಲ, ಒಣಗಿದಾಗ ಕಂದಾಗುತ್ತದೆ. ಮರದ ಬುಡ ಗುಡಿಸಿ ಹಳೆಯ ಸೀರೆ ಅಥವಾ ಬಲೆ ಹಾಸಿ, ಕೊಂಬೆಯನ್ನು ಮೆಲ್ಲಗೆ ಅಲುಗಿಸಿ. ಗಳದಿಂದ ಬಡಿದರೆ ಹಣ್ಣು ಒಡೆದು ಸಂಜೆಯೊಳಗೆ ಹುಳಿಯಲು ಶುರುವಾಗುತ್ತದೆ. ಹಿಂದಿನ ದಿನ ಮಳೆ ಬಿದ್ದಿದ್ದರೆ ಒಂದು ದಿನ ಬಿಟ್ಟು ಹೋಗಿ. ನೆಲದಲ್ಲಿ ಬಿದ್ದದ್ದರಲ್ಲಿ ಗಟ್ಟಿ ಇದ್ದದ್ದನ್ನು ಆರಿಸಿ, ಮೆತ್ತಗಾದದ್ದನ್ನು ಅಲ್ಲೇ ಬಿಡಿ. ಮಂಗ, ಹಕ್ಕಿಗಳಿಗೂ ಪಾಲು ಬೇಕು, ಬೀಜ ಕಾಡಿಗೆ ಹರಡುವುದು ಅವುಗಳಿಂದಲೇ.

ಸ್ವಂತ ತೋಟ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನ ಬೆಟ್ಟದ ಮರಗಳ ಮಾತು ಬೇರೆ. ಅರಣ್ಯದೊಳಗಿನ ಕಿರು ಉತ್ಪನ್ನ ಸಂಗ್ರಹಕ್ಕೆ ನಿಯಮಗಳಿವೆ, ಕೊಯ್ಯುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಚೌಡಿಬನ, ಜಟಗನ ಬನದಂಥ ದೇವರ ಕಾಡು, ಹಳೆಯ ಕಾನುಗಳಲ್ಲಿ ಕೊಡಲಿ ಬೀಳದ್ದರಿಂದಲೇ ದೊಡ್ಡ ಮರಗಳು ಉಳಿದಿವೆ. ಅಲ್ಲಿ ಊರಿನ ಕಟ್ಟಳೆ ಏನಿದೆಯೋ ಅದನ್ನೇ ಪಾಲಿಸಿ.

ಇನ್ನೊಂದು ಮಾತು. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆಬೇರೆ. ಎಷ್ಟು ವರ್ಷವಾದರೂ ಕಾಯಿ ಬಿಡದ ಮರವನ್ನು ಗೊಡ್ಡು ಎಂದು ಕಡಿಯುವವರಿದ್ದಾರೆ. ಅದು ಗಂಡು ಮರವಾಗಿರುವುದೇ ಹೆಚ್ಚು. ಅದನ್ನು ಕಡಿದ ಮೇಲೆ ಸುತ್ತಲಿನ ಹೆಣ್ಣು ಮರಗಳ ಕಾಯಿಯೂ ಇಳಿದೀತು.

ಹಣ್ಣು ಒಡೆಯುವುದು

ಮುಂದಿನ ಲೆಕ್ಕವೆಲ್ಲ 10 ಕೆಜಿ ಹಣ್ಣಿಗೆ. ಅದರಲ್ಲಿ ಸಿಪ್ಪೆ ಸುಮಾರು ಅರ್ಧ, ಅಂದರೆ 5 ಕೆಜಿ. ಒಣಗಿದ ಮೇಲೆ ಉಳಿಯುವುದು 1 ಕೆಜಿಯ ಆಸುಪಾಸು, ಉಪ್ಪುರಸ ಕುಡಿಸಿದ್ದಾದರೆ ಸ್ವಲ್ಪ ಹೆಚ್ಚು.

ಪಾತ್ರೆ ಸ್ಟೀಲು, ಗಾಜು, ಪಿಂಗಾಣಿ ಇಲ್ಲವೇ ಮಣ್ಣಿನದ್ದು. ಅಲ್ಯುಮಿನಿಯಂ, ಹಿತ್ತಾಳೆ, ತಾಮ್ರ, ಕಬ್ಬಿಣ ಯಾವುದೂ ಬೇಡ. ಈ ಹುಳಿ ಲೋಹವನ್ನು ತಿನ್ನುತ್ತದೆ, ರಸ ಕಪ್ಪಾಗಿ ಬಾಯಿಗೆ ಕಿಲುಬಿನ ರುಚಿ ಬರುತ್ತದೆ. ಬಟ್ಟೆಗೆ ಬಿದ್ದ ಕಲೆ ಬೇಗ ಹೋಗುವುದಿಲ್ಲ, ಹಳೆಯದನ್ನೇ ಉಟ್ಟುಕೊಂಡು ಕೂರಿ.

ಹಣ್ಣು ತೊಳೆದು ಬಟ್ಟೆಯಲ್ಲಿ ಒರೆಸಿ, ತೊಟ್ಟು ಕಿತ್ತು, ಅಡ್ಡಕ್ಕೆ ಎರಡು ಹೋಳು ಮಾಡಿ. ಬೀಜವನ್ನು ಲೋಳೆಯ ಸಮೇತ ಒಂದು ಪಾತ್ರೆಗೆ, ಸಿಪ್ಪೆಯನ್ನು ಇನ್ನೊಂದಕ್ಕೆ ಹಾಕಿ. ಪಾನಕಕ್ಕೆ ಒಳ್ಳೆಯ ಬಣ್ಣದ 1 ಕೆಜಿ ಸಿಪ್ಪೆಯನ್ನು ಈಗಲೇ ಎತ್ತಿಡಿ.

ಸಿಪ್ಪೆ ಒಣಗಿಸುವುದು

ಎರಡು ದಾರಿ. ಉಪ್ಪಿಲ್ಲದೆ ಬರೀ ಬಿಸಿಲಿಗೆ ಒಣಗಿಸಿದರೆ 5ರಿಂದ 7 ದಿನ ಬಿರುಬಿಸಿಲು ಬೇಕು. ಸಾರಿಗೂ ಪಾನಕಕ್ಕೂ ಆಗುತ್ತದೆ, ಆದರೆ ಮಳೆಗಾಲದಲ್ಲಿ ಬೇಗ ತಂಡಿ ಹಿಡಿಯುತ್ತದೆ. ಉಪ್ಪುರಸ ಕುಡಿಸಿ ಒಣಗಿಸಿದ್ದು ಎರಡು ಮಳೆಗಾಲ ತಾಳುತ್ತದೆ, ಹುಳಿಯೂ ಗಟ್ಟಿ. ಕರಾವಳಿಯ ತಂಡಿಗೆ ಎರಡನೆಯದೇ ತಕ್ಕದ್ದು.

ಬೀಜ ಲೋಳೆಯ ಪಾತ್ರೆಗೆ 600 ಗ್ರಾಂ ಕಲ್ಲುಪ್ಪು ಹಾಕಿ ಕೈಯಲ್ಲಿ ಚೆನ್ನಾಗಿ ಹಿಸುಕಿ. ಅಯೋಡಿನ್ ಪುಡಿಯುಪ್ಪಿಗಿಂತ ಕಲ್ಲುಪ್ಪು ಒಳ್ಳೆಯದು, ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು ಸಿಕ್ಕರೆ ಅದೇ ಆಗಲಿ. ಎರಡು ತಾಸಿನಲ್ಲಿ ಲೋಳೆ ನೀರಾಗಿ ಬಿಡುತ್ತದೆ. ಜರಡಿಯಲ್ಲಿ ಸೋಸಿ ರಸ ಬೇರೆ, ಬೀಜ ಬೇರೆ ಮಾಡಿ. ಬೀಜವನ್ನು ಆಗಲೇ ತೊಳೆಯಬೇಕು, ಅದರ ವಿವರ ಕೆಳಗೆ ಬರುತ್ತದೆ.

ಸಿಪ್ಪೆಯನ್ನು ಮೊದಲ ದಿನ ಪೂರ್ತಿ ಬಿಸಿಲಿಗೆ ಹರವಿ, ಒಳಮೈ ಮೇಲಾಗಿರಲಿ. ಸಂಜೆ ಬಾಡಿದ ಸಿಪ್ಪೆಯನ್ನು ಉಪ್ಪುರಸದಲ್ಲಿ ಮುಳುಗಿಸಿ, ಮೇಲೊಂದು ತಟ್ಟೆ ಕವುಚಿ ಭಾರ ಇಡಿ. ಬೆಳಿಗ್ಗೆ ತೆಗೆದು ಬುಟ್ಟಿಯಲ್ಲಿ ಬಸಿಯಲು ಬಿಟ್ಟು, ಮತ್ತೆ ಬಿಸಿಲಿಗೆ. ಸಂಜೆ ಮತ್ತೆ ರಸಕ್ಕೆ. ಹೀಗೆ ನಾಲ್ಕು ಸಲ ಸಾಕು, ರಸ ಉಳಿದಿದ್ದರೆ ಐದು. ಕೊನೆಯ ಸಲದ ನಂತರ ಮೂರು ದಿನ ಬರೀ ಬಿಸಿಲು. ಬಿಸಿಲಿನಲ್ಲಿ ಇಟ್ಟಿದ್ದನ್ನು ನಡುನಡುವೆ ತಿರುವಿ ಹಾಕಿ.

ಸಿಪ್ಪೆ ಬಾಡದೆ ಮೊದಲ ದಿನವೇ ರಸಕ್ಕೆ ಹಾಕುವುದು ಸಾಮಾನ್ಯವಾಗಿ ಆಗುವ ತಪ್ಪು. ಹಸಿ ಸಿಪ್ಪೆ ತನ್ನ ನೀರನ್ನೇ ರಸಕ್ಕೆ ಬಿಡುತ್ತದೆ, ಉಪ್ಪು ತೆಳುವಾಗುತ್ತದೆ, ಮೂರನೇ ದಿನ ರಸದ ಮೇಲೆ ಬಿಳಿ ಕೆನೆ ಕಟ್ಟುತ್ತದೆ. ಬಾಡಿದ ಸಿಪ್ಪೆಯಾದರೆ ರಸವನ್ನು ಹೀರಿಕೊಳ್ಳುತ್ತದೆ. ಮೋಡ ಕವಿದ ದಿನ ಸಿಪ್ಪೆಯನ್ನು ಹೊರಗೆ ಹಾಕದೆ ರಸದಲ್ಲಿಯೇ ಬಿಡಿ, ಉಪ್ಪು ಕಾಪಾಡುತ್ತದೆ. ಅರ್ಧ ಒಣಗಿದ್ದನ್ನು ಚೀಲದಲ್ಲಿ ಕಟ್ಟಿಡುವುದೇ ಅಪಾಯ. ಎರಡು ದಿನಕ್ಕಿಂತ ಹೆಚ್ಚು ಬಿಸಿಲು ಕೈಕೊಟ್ಟರೆ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ತಟ್ಟಿಯ ಮೇಲೆ ಹರವಿ. ಹೊಗೆ ನೇರವಾಗಿ ತಾಗದಂತೆ ಬಟ್ಟೆ ಹೊದಿಸಿ, ಇಲ್ಲವಾದರೆ ಸಾರಿಗೆ ಹೊಗೆಯ ವಾಸನೆ ಬರುತ್ತದೆ.

ಹದ ನೋಡುವುದು ಹೀಗೆ: ಮಡಚಿದರೆ ಬಾಗಬೇಕು, ಮುರಿಯಬಾರದು. ಹಿಂಡಿದರೆ ಕೈಗೆ ಅಂಟಬಾರದು. ಕೆಲವು ದಿನದ ಮೇಲೆ ಸಿಪ್ಪೆಯ ಮೈಮೇಲೆ ಬಿಳಿ ಕಂಡರೆ ಗಾಬರಿಯಾಗಬೇಡಿ. ಒಂದು ಹನಿ ನೀರು ಬಿಡಿ. ಕರಗಿ ಮಾಯವಾದರೆ ಅದು ಉಪ್ಪು. ಎಳೆಎಳೆಯಾಗಿ ನಿಂತು ಮುಗ್ಗಲು ವಾಸನೆ ಬಂದರೆ ಬೂಷ್ಟು, ಆ ಪಾತ್ರೆಯದ್ದನ್ನು ತೊಳೆದು ಉಳಿಸಲು ಹೋಗದೆ ಎಸೆಯಿರಿ.

ಒಣ ಸಿಪ್ಪೆಯನ್ನು ಭರಣಿಯಲ್ಲಿ ಅಮುಕಿ ತುಂಬಿ, ಮೇಲೆ ಒಂದು ಹಿಡಿ ಉಪ್ಪು ಉದುರಿಸಿ, ಬಾಯಿಗೆ ಬಟ್ಟೆ ಕಟ್ಟಿ ಅಟ್ಟದಲ್ಲಿಡಿ. ಹೊಸ ಸಿಪ್ಪೆಗಿಂತ ವರ್ಷ ಕಳೆದದ್ದಕ್ಕೆ ರುಚಿ ಹೆಚ್ಚು, ಒಗರು ಹೋಗಿರುತ್ತದೆ.

ಉಳಿದ ಉಪ್ಪುರಸವನ್ನು ಚೆಲ್ಲಬೇಡಿ. ಬಟ್ಟೆಯಲ್ಲಿ ಸೋಸಿ, ಲೀಟರಿಗೆ ಇನ್ನೂ 100 ಗ್ರಾಂ ಉಪ್ಪು ಕರಗಿಸಿ, ಬಾಟಲಿಗೆ ತುಂಬಿ ಒಂದು ವಾರ ಬಿಸಿಲಿಗಿಡಿ. ಸಾರು, ಸೋಲಕಡಿ, ಮೀನಿಗೆ ಹುಣಸೆಯ ಬದಲು ಒಂದೆರಡು ಚಮಚ ಸಾಕು. ಅದಕ್ಕೆ ಬೇರೆ ಉಪ್ಪು ಬೇಡ ಎಂಬುದು ನೆನಪಿರಲಿ.

ಪಾನಕದ ಪಾಕ

ಎತ್ತಿಟ್ಟ 1 ಕೆಜಿ ಹಸಿ ಸಿಪ್ಪೆಗೆ 2 ಕೆಜಿ ಸಕ್ಕರೆ. ಒಣಗಿದ ಗಾಜಿನ ಭರಣಿಯ ತಳಕ್ಕೆ ಸಕ್ಕರೆ, ಮೇಲೆ ಸಿಪ್ಪೆ, ಮತ್ತೆ ಸಕ್ಕರೆ, ಹೀಗೆ ಪದರ ಹಾಕಿ. ಮೇಲಿನ ಪದರ ಸಕ್ಕರೆಯದ್ದೇ ಆಗಿರಲಿ. ಬಾಯಿಗೆ ಬಟ್ಟೆ ಕಟ್ಟಿ ದಿನವೂ ಬಿಸಿಲಿಗಿಟ್ಟು ಒಣಗಿದ ಸೌಟಿನಿಂದ ತಿರುವಿ. ಎಂಟನೇ ದಿನಕ್ಕೆ ಸಕ್ಕರೆಯೆಲ್ಲ ಕರಗಿ, ಸಿಪ್ಪೆ ಸುಕ್ಕುಗಟ್ಟಿ, ಗಾಢ ಕೆಂಪು ಪಾಕ ನಿಂತಿರುತ್ತದೆ. ಸೋಸಿ, 2 ಚಮಚ ಹುರಿದ ಜೀರಿಗೆ ಪುಡಿ, 1 ಚಮಚ ಕಾಳುಮೆಣಸಿನ ಪುಡಿ, ಚಿಟಿಕೆ ಉಪ್ಪು ಸೇರಿಸಿ. ಒಂದು ಪಾಲು ಪಾಕಕ್ಕೆ ಐದು ಪಾಲು ತಣ್ಣೀರು.

ಪಾಕವನ್ನು ಒಲೆಯ ಮೇಲೆ ಕುದಿಸುವ ಅಭ್ಯಾಸ ಹೆಚ್ಚುತ್ತಿದೆ. ಅದು ಬೇಡ. ಮುರುಗಲಿನ ಕೆಂಪು ಬಣ್ಣ ಹೆಚ್ಚು ಹೊತ್ತಿನ ಕಾವಿಗೆ ಕಂದಿ ಇಟ್ಟಿಗೆಯ ಬಣ್ಣವಾಗುತ್ತದೆ, ವಾಸನೆಯೂ ಹೋಗುತ್ತದೆ. ಸಕ್ಕರೆ ಕಡಿಮೆ ಮಾಡುವುದು ಇನ್ನೊಂದು ತೊಂದರೆ. ಸಿಪ್ಪೆಯ ಒಂದೂವರೆ ಪಟ್ಟಿಗಿಂತ ಕೆಳಗಿಳಿದರೆ ನಾಲ್ಕೈದು ದಿನದಲ್ಲಿ ಗುಳ್ಳೆ ಎದ್ದು ಹೆಂಡದ ವಾಸನೆ ಬರುತ್ತದೆ. ಸಿಹಿ ಬೇಡವಾದವರು ಒಣ ಸಿಪ್ಪೆ ನೆನೆಸಿದ ನೀರನ್ನು ಅಂದಂದಿಗೆ ಕುಡಿಯುವುದೇ ಸರಿ. ಸೋಡಾಪುಡಿ ಅಥವಾ ಕ್ಷಾರ ಹೆಚ್ಚಿರುವ ನೀರು ಬೆರೆತರೆ ಕೆಂಪು ಮಸುಕಾಗಿ ನೇರಳೆ, ನೀಲಿಗೆ ತಿರುಗುತ್ತದೆ. ಅದು ಕೆಟ್ಟದ್ದಲ್ಲ, ಬಣ್ಣದ ಗುಣ.

ಸೋಸಿ ಉಳಿದ ಸಿಹಿ ಸಿಪ್ಪೆಯನ್ನು ಎರಡು ಬಿಸಿಲು ಒಣಗಿಸಿದರೆ ಮಕ್ಕಳಿಗೆ ಬಾಯಾಡಿಸಲು ಆಗುತ್ತದೆ. ಕಾಡಿನಂಚಿನ ಮಕ್ಕಳಿಗೆ ಇದಕ್ಕೂ ಸರಳವಾದ ದಾರಿ ಗೊತ್ತು: ಹಣ್ಣಿನ ತುದಿ ಕೊರೆದು ಒಳಗೆ ಸಕ್ಕರೆ ಸುರಿದು, ಕಡ್ಡಿಯಿಂದ ಕಲಕಿ, ತಾಸು ಬಿಟ್ಟು ಹೀರುವುದು.

ಅಡುಗೆ

ಮುರುಗಲು ಸಾರು: 10 ಒಣ ಸಿಪ್ಪೆಯನ್ನು 4 ಲೋಟ ಬಿಸಿನೀರಿನಲ್ಲಿ ಅರ್ಧ ತಾಸು ನೆನೆಸಿ, ಸೀಳಿದ 2 ಹಸಿಮೆಣಸು, ನೆಲ್ಲಿಕಾಯಿ ಗಾತ್ರದ ಬೆಲ್ಲ ಹಾಕಿ ಐದು ನಿಮಿಷ ಕುದಿಸಿ. ಸಿಪ್ಪೆ ತೆಗೆದುಬಿಡಿ, ಅಲ್ಲೇ ಬಿಟ್ಟರೆ ಮಧ್ಯಾಹ್ನಕ್ಕೆ ಒಗರಾಗುತ್ತದೆ. ಉಪ್ಪು ಕೊನೆಗೆ, ರುಚಿ ನೋಡಿಯೇ ಹಾಕಿ. ತುಪ್ಪದಲ್ಲಿ ಸಾಸಿವೆ, ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆ. ಊಟದ ಕೊನೆಗೆ ಬಿಸಿಯಾಗಿ ಕುಡಿಯುವುದಕ್ಕೂ ಇದು ಚೆಂದ.

ತಂಬುಳಿ: 6 ಸಿಪ್ಪೆ ನೆನೆಸಿಡಿ. ಅರ್ಧ ಚಮಚ ಜೀರಿಗೆ, 4 ಕಾಳುಮೆಣಸು ತುಪ್ಪದಲ್ಲಿ ಹುರಿದು, ಅರ್ಧ ಲೋಟ ಕಾಯಿತುರಿ ಮತ್ತು ನೆನೆದ ಸಿಪ್ಪೆಯೊಂದಿಗೆ ನುಣ್ಣಗೆ ರುಬ್ಬಿ. ನೆನೆಸಿದ ನೀರು, ಇನ್ನೆರಡು ಲೋಟ ನೀರು, ಉಪ್ಪು, ಚೂರು ಬೆಲ್ಲ ಸೇರಿಸಿ ಒಗ್ಗರಣೆ ಕೊಡಿ. ಕುದಿಸುವುದಿಲ್ಲ. ಹುಳಿ ಇದರಲ್ಲೇ ಇದೆ, ಮಜ್ಜಿಗೆ ಬೇಡ.

ಸೋಲಕಡಿ: ಒಂದು ತೆಂಗಿನಕಾಯಿಯ ಹಾಲು ಸುಮಾರು 3 ಲೋಟ. 12 ಸಿಪ್ಪೆಯನ್ನು ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಹಿಂಡಿ, ಆ ನೀರು ಪೂರ್ತಿ ತಣಿದ ಮೇಲೆ ಕಾಯಿಹಾಲಿಗೆ ಬೆರೆಸಿ. ಜಜ್ಜಿದ 3 ಎಸಳು ಬೆಳ್ಳುಳ್ಳಿ, 1 ಹಸಿಮೆಣಸು, ಕೊತ್ತಂಬರಿ ಸೊಪ್ಪು, ಉಪ್ಪು. ಒಲೆಯ ಮೇಲಿಟ್ಟರೆ ಹುಳಿಗೆ ಹಾಲು ಒಡೆಯುತ್ತದೆ. ಎರಡು ತಾಸಿನೊಳಗೆ ಕುಡಿದು ಮುಗಿಸಿ.

ಬಂಗಡೆ ಸಾರಿಗೆ ಮುರುಗಲು ಹಾಕುವವರು ಮಸಾಲೆ ಕುದಿಯುವಾಗಲೇ ಸಿಪ್ಪೆ ಹಾಕುತ್ತಾರೆ. ಅರ್ಧ ಕೆಜಿ ಮೀನಿಗೆ 6ರಿಂದ 8 ಸಿಪ್ಪೆ, ಜಜ್ಜಿದ 5 ಜುಮ್ಮನಕಾಯಿ (ಕೊಂಕಣಿಯ ತೆಪ್ಪಲ). ಸಿಪ್ಪೆ ಐದು ನಿಮಿಷ ಕುದ್ದು ಹುಳಿ ಬಿಟ್ಟ ಮೇಲೆ ಮೀನು ಇಳಿಸಿ. ಹುಣಸೆಗಿಂತ ಇದರ ಹುಳಿ ತೆಳು, ಮೀನಿನ ರುಚಿಯನ್ನು ಮುಚ್ಚುವುದಿಲ್ಲ.

ಪಿತ್ತದ ಗಂಧೆ ಎದ್ದಾಗ ಮುರುಗಲು ನೀರನ್ನು ಮೈಗೆ ಹಚ್ಚುವುದು, ಬಿಸಿಲಿನಿಂದ ಬಂದವರಿಗೆ ಮೊದಲು ಇದರ ಪಾನಕ ಕೊಡುವುದು ಹಿಂದಿನಿಂದ ಬಂದ ರೂಢಿ. ಉಸಿರು ಕಟ್ಟುವಂಥ, ಮುಖ ಬಾತುಕೊಳ್ಳುವಂಥ ಗಂಧೆಗೆ ಮನೆಮದ್ದು ನಂಬಿ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಬೀಜದಿಂದ ತುಪ್ಪ

ಇದನ್ನೇ ಜನ ಈಗ ಮರೆಯುತ್ತಿರುವುದು. ಒಣ ಬೀಜದ ತೂಕದಲ್ಲಿ ಸುಮಾರು ಕಾಲು ಪಾಲು ಕೊಬ್ಬು ಇದೆ. ಮನೆಯಲ್ಲಿ ತೆಗೆದಾಗ 2 ಕೆಜಿ ಒಣ ಬೀಜಕ್ಕೆ 300ರಿಂದ 400 ಗ್ರಾಂ ಬಂದರೆ ಒಳ್ಳೆಯ ಕೆಲಸ. 10 ಕೆಜಿ ಹಣ್ಣಿನ ಬೀಜ ಇದಕ್ಕೆ ಸಾಲದು. ಎರಡು ಮೂರು ಸಲದ ಬೀಜ ಕೂಡಿಸಿಟ್ಟುಕೊಂಡು ಮಳೆಗಾಲದಲ್ಲಿ ಪುರುಸೊತ್ತಾದಾಗ ಮಾಡಬಹುದು.

ರಸ ಸೋಸಿ ಉಳಿದ ಬೀಜಕ್ಕೆ ಉಪ್ಪು, ಲೋಳೆ ಅಂಟಿರುತ್ತದೆ. ಒಲೆಬೂದಿ ಹಾಕಿ ಬುಟ್ಟಿಯಲ್ಲಿ ಉಜ್ಜಿ, ಮೂರು ನೀರು ತೊಳೆಯಿರಿ. ಉಪ್ಪು ಉಳಿದರೆ ಬೀಜ ಎಷ್ಟು ಒಣಗಿಸಿದರೂ ಮಳೆಗಾಲದಲ್ಲಿ ನೀರೊಡೆದು ಬೂಷ್ಟು ಹಿಡಿಯುತ್ತದೆ, ತುಪ್ಪ ಕಪ್ಪಾಗಿ ಕಮಟು ಹೊಡೆಯುತ್ತದೆ. ಆರೇಳು ಬಿಸಿಲು ಒಣಗಿಸಿ, ಅಲುಗಿಸಿದರೆ ತಿರುಳು ಒಳಗೆ ಗಲಗಲ ಎನ್ನಬೇಕು.

ಒರಳಿನಲ್ಲಿ ಹಗುರವಾಗಿ ಕುಟ್ಟಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ. ತಿರುಳನ್ನು ಸಾಧ್ಯವಾದಷ್ಟು ನುಣ್ಣಗೆ, ಎಣ್ಣೆ ಬಿಡುವವರೆಗೆ ಕುಟ್ಟಿ ಅಥವಾ ರುಬ್ಬಿ. ಮಿಕ್ಸಿಯಾದರೆ ಸ್ವಲ್ಪ ಸ್ವಲ್ಪವಾಗಿ. ತರಿ ಉಳಿದರೆ ಕೊಬ್ಬು ತರಿಯೊಳಗೇ ಕೂತುಬಿಡುತ್ತದೆ, ತುಪ್ಪ ಬರಲಿಲ್ಲ ಎನ್ನುವವರ ತೊಂದರೆ ಹೆಚ್ಚಾಗಿ ಇದೇ.

ದೊಡ್ಡ ಪಾತ್ರೆಯಲ್ಲಿ 4 ಲೀಟರ್ ನೀರು ಕುದಿಸಿ ಈ ಹಿಟ್ಟು ಹಾಕಿ, ಸಣ್ಣ ಉರಿಯಲ್ಲಿ ಒಂದೂವರೆ ತಾಸು. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ನೊರೆ ಉಕ್ಕುತ್ತದೆ. ಭರದಿಂದ ಕುದಿಸಿದರೆ ಎಣ್ಣೆ ನೀರಿನಲ್ಲಿ ಬೆರೆತು ಹಾಲಿನಂತಾಗಿ ಮೇಲೆ ಬರುವುದಿಲ್ಲ. ಹಾಗಾದಾಗ ಒಂದು ಹಿಡಿ ಉಪ್ಪು ಹಾಕಿ ಅಲುಗಿಸದೆ ಬಿಡಿ. ಒಲೆ ಆರಿಸಿ ರಾತ್ರಿಯಿಡೀ ಮುಟ್ಟಬೇಡಿ. ಬೆಳಿಗ್ಗೆ ಮೇಲೆ ಬಿಳಿ ಹೆಪ್ಪು ನಿಂತಿರುತ್ತದೆ. ಅದನ್ನು ತೆಗೆದು ಹೊಸ ನೀರಿನಲ್ಲಿ ಮತ್ತೊಮ್ಮೆ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಹೆಪ್ಪಾಗಲು ಬಿಡಿ. ಕೊನೆಗೆ ನೀರಿಲ್ಲದೆ ಬಾಣಲೆಯಲ್ಲಿ ಕಾಯಿಸಿ. ಚಟಪಟ ಸದ್ದು ಪೂರ್ತಿ ನಿಲ್ಲಬೇಕು. ಹನಿ ನೀರು ಉಳಿದರೂ ಎರಡು ತಿಂಗಳಲ್ಲಿ ಕಮಟು ಬರುತ್ತದೆ. ತೆಂಗಿನ ಕರಟಕ್ಕೆ ಹೊಯ್ದರೆ ಅಚ್ಚಾಗಿ ಬರುತ್ತದೆ.

ರುಬ್ಬಿದ ತಿರುಳನ್ನು ತಣ್ಣೀರಿನಲ್ಲಿ ಕಲಸಿ ರಾತ್ರಿ ಇಟ್ಟು ಬೆಳಗಿನ ತಂಪಿನಲ್ಲಿ ಕಡೆಗೋಲಿನಿಂದ ಕಡೆಯುವ ಕ್ರಮವೂ ಇದೆ. ಬೆಣ್ಣೆಯಂತೆ ಮೇಲೆ ಬರುತ್ತದೆ. ಬಣ್ಣ ಹೆಚ್ಚು ಬಿಳಿ, ಆದರೆ ಪ್ರಮಾಣ ಕಡಿಮೆ, ಬೇಸಿಗೆಯಲ್ಲಿ ಸಾಧ್ಯವಿಲ್ಲ.

ಈ ತುಪ್ಪ ಕರಗುವುದು 38ರಿಂದ 42 ಡಿಗ್ರಿಯಲ್ಲಿ. ಮನೆಯಲ್ಲಿ ವರ್ಷವಿಡೀ ಗಟ್ಟಿಯಾಗಿಯೇ ಇರುತ್ತದೆ. ದೋಸೆಕಲ್ಲು, ರೊಟ್ಟಿ, ಪಲ್ಯಕ್ಕೆ ಚೆನ್ನ, ಆದರೆ ಬಿಸಿಯಾಗಿಯೇ ತಿನ್ನಬೇಕು, ತಣಿದರೆ ಬಾಯಿಯ ಮೇಲ್ಗಡೆ ಮೇಣದಂತೆ ಕೂರುತ್ತದೆ. ಒಡೆದ ಹಿಮ್ಮಡಿಗೆ ರಾತ್ರಿ ಕಾಲು ತೊಳೆದು ಒರೆಸಿ, ದೀಪದ ಕಾವಿಗೆ ಕರಗಿಸಿ ಹಚ್ಚಿ ಬಟ್ಟೆ ಸುತ್ತಿ ಮಲಗುವುದು ಮಲೆನಾಡಿನ ಹಳೆಯ ಮದ್ದು. ಸೋಪು, ಮುಲಾಮು, ಚಾಕೊಲೇಟ್ ತಯಾರಿಸುವವರಿಗೂ ಇದು ಬೇಕು, ಹಾಗಾಗಿ ಬೀಜಕ್ಕೂ ಬೆಲೆ ಇದೆ. ಮಾರುವವರು ತೊಳೆದು ಒಣಗಿಸಿಯೇ ಮಾರಿ.

ಗಿಡ ಮಾಡುವವರಿಗೆ

ಬಿತ್ತುವ ಬೀಜಕ್ಕೆ ಉಪ್ಪು ತಾಗಬಾರದು, ಬಿಸಿಲೂ ಬೇಡ. ಒಣಗಿದರೆ ಮೊಳಕೆಯ ಶಕ್ತಿ ಹೋಗುತ್ತದೆ. ದೊಡ್ಡ ಹಣ್ಣಿನ, ದಪ್ಪ ಸಿಪ್ಪೆಯ ಮರ ನೋಡಿ ಬೀಜ ಆರಿಸಿ, ಲೋಳೆ ತೊಳೆದು ನೆರಳಲ್ಲಿ ಒಂದು ದಿನ ಆರಿಸಿ ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ. ಮೊಳಕೆ ನಿಧಾನ, ತಿಂಗಳಿಗೂ ಮೇಲಾದೀತು. ಬೀಜದ ಗಿಡ ಫಲಕ್ಕೆ ಬರಲು ಏಳೆಂಟು ವರ್ಷ, ಅದರಲ್ಲಿ ಸುಮಾರು ಅರ್ಧ ಗಂಡಾಗುತ್ತದೆ. ಕಸಿ ಗಿಡವಾದರೆ ನಾಲ್ಕೈದು ವರ್ಷ. ಕಸಿಕಡ್ಡಿಯನ್ನು ನೆಟ್ಟಗೆ ಮೇಲೇರಿದ ಚಿಗುರಿನಿಂದಲೇ ತೆಗೆಯಬೇಕು. ಅಡ್ಡ ಕೊಂಬೆಯ ಕಡ್ಡಿ ಕಟ್ಟಿದರೆ ಗಿಡ ಮೇಲಕ್ಕೇಳದೆ ನೆಲಕ್ಕೆ ಹರಡುತ್ತದೆ. ಹತ್ತು ಹೆಣ್ಣು ಗಿಡಕ್ಕೆ ಒಂದು ಗಂಡು ಗಿಡ ನಡುವೆ ಇರಲಿ, ಗಿಡದಿಂದ ಗಿಡಕ್ಕೆ 6 ಮೀಟರ್ ಅಂತರ. ನೆಡುವುದು ಮೃಗಶಿರಾ ಹಿಡಿದ ಮೇಲೆ, ಮೊದಲ ಎರಡು ಬೇಸಿಗೆ ಸೊಪ್ಪಿನ ನೆರಳು ಕಟ್ಟಿ ವಾರಕ್ಕೊಮ್ಮೆಯಾದರೂ ನೀರು ಕೊಡಿ.